ಸೋಮವಾರದ ಪೇಪರಿಗೆ ಭಾನುವಾರದ ಉತ್ತರ

ನಮ್ಮ ಫಿಸಿಕ್ಸ್ ಫಾದರ್ ಕ್ಲಾಸಿನಲ್ಲಿ ದೇವರ ಹೆಸರು ಎತ್ತುತ್ತಿದ್ದದ್ದು ಬಹಳ ಕಡಿಮೆ. ಬೆಳಿಗ್ಗೆ ಚಾಪೆಲ್‌ನಲ್ಲಿ ಪೂಜೆ ಅರ್ಪಿಸುತ್ತಿದ್ದರು. ಆಮೇಲೆ ತಿಂಡಿ ಮುಗಿಸಿ ಬಂದು ನಮಗೆ ಥರ್ಮೋಡೈನಮಿಕ್ಸ್ ಹೇಳುತ್ತಿದ್ದರು. ಎರಡರ ನಡುವೆ ಒಂದು ಅಂಗಳ ಇತ್ತು, ಅಷ್ಟೇ. ಆದರೆ ಅಂಗಳ ದಾಟಿ ಬಂದ ಮೇಲೆ ಅವರು ಎಂಟ್ರೋಪಿಗೆ ಪ್ರಾರ್ಥನೆ ಬೆರೆಸುತ್ತಿರಲಿಲ್ಲ.

ಕಾಲೇಜಿನ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕೇಳಿದಾಗ ಹಾಸ್ಟೆಲಿನ ನೀರು ಸಾರು, ಕ್ರಿಕೆಟ್, ಮಳೆಗಾಲದಲ್ಲಿ ಒಣಗದ ಬಟ್ಟೆ ಎಲ್ಲ ನೆನಪಾಯಿತು. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅರ್ಧ ಮಾರ್ಕಿನ ಒಂದು ಜಗಳದ ಬಗ್ಗೆ ಬರೆಯುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಬಿಎಸ್ಸಿ, ಪಿಸಿಎಂ. ಒಂದು ಟೆಸ್ಟಿನಲ್ಲಿ ವಿಶ್ವ ಹಿಗ್ಗುತ್ತಿದೆ ಎನ್ನುವುದಕ್ಕೆ ಪುರಾವೆ ಏನು ಎಂಬ ಪ್ರಶ್ನೆ ಬಂದಿತ್ತು. ನನ್ನ ಬೆಂಚಿನ ಹುಡುಗ ಚೆನ್ನಾಗಿಯೇ ಬರೆದಿದ್ದ. ದೂರದ ಗೆಲಾಕ್ಸಿಗಳ ಬೆಳಕು ಕೆಂಪಿನ ಕಡೆ ಸರಿಯುವುದು, ದೂರ ಹೆಚ್ಚಿದಷ್ಟೂ ವೇಗ ಹೆಚ್ಚುವುದು, ಎಲ್ಲ ಇತ್ತು. ಕೊನೆಗೆ ಒಂದು ಸಾಲು ಸೇರಿಸಿದ್ದ: 'ಆದ್ದರಿಂದ ದೇವರು ವಿಶ್ವವನ್ನು ಸೃಷ್ಟಿಸಿದನೆಂದು ತಿಳಿಯುತ್ತದೆ.' ಓದುವವರು ಫಾದರ್, ಖುಷಿಯಾಗಬಹುದು ಅಂದುಕೊಂಡಿದ್ದನೋ ಏನೋ. ಫಾದರ್ ಅರ್ಧ ಮಾರ್ಕು ಕತ್ತರಿಸಿದ್ದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಇದನ್ನು ಭಾನುವಾರ ಹೇಳು. ಇದು ಸೋಮವಾರದ ಪೇಪರ್.'

ಹುಡುಗ ಬಿಡಲಿಲ್ಲ. "ಫಾದರ್, ನೀವು ನಂಬೋದಿಲ್ವಾ?" ಎಂದು ಎದ್ದು ನಿಂತು ಕೇಳಿದ. ಕ್ಲಾಸು ಗಪ್‌ಚುಪ್. ಫಾದರ್ ಸೀಮೆಸುಣ್ಣ ಕೆಳಗಿಟ್ಟು, "ನಂಬುತ್ತೇನೆ. ಆದರೆ ನೀನು ಬರೆದ 'ಆದ್ದರಿಂದ' ಇದೆಯಲ್ಲ, ಅದನ್ನು ನಂಬೋದಿಲ್ಲ" ಎಂದರು. ಆವತ್ತು ಪಾಠ ಅಲ್ಲಿಗೇ ನಿಂತಿತು. ಉಳಿದ ಸಮಯವೆಲ್ಲ ಅವರು ಒಬ್ಬ ಬೆಲ್ಜಿಯನ್ ಪಾದ್ರಿಯ ಕಥೆ ಹೇಳಿದರು.

ಜಾರ್ಜ್ ಲೆಮೈತ್ರ್. 1894ರಲ್ಲಿ ಶಾರ್ಲರ್ವಾ ಎಂಬ ಊರಿನಲ್ಲಿ ಹುಟ್ಟಿದವರು. ಎಂಜಿನಿಯರಿಂಗ್ ಓದುತ್ತಿದ್ದಾಗ ಮೊದಲ ಮಹಾಯುದ್ಧ ಬಂತು, ಫಿರಂಗಿ ದಳದಲ್ಲಿ ಹೋರಾಡಿದರು. ಯುದ್ಧ ಮುಗಿದ ಮೇಲೆ ಗಣಿತ ಮತ್ತು ಫಿಸಿಕ್ಸ್ ಓದಿ, ಆಮೇಲೆ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ ಸೇರಿದರು. 1923ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಕೇಂಬ್ರಿಡ್ಜ್‌ಗೆ ಹೋಗಿ ಖಗೋಳ ವಿಜ್ಞಾನಿ ಎಡಿಂಗ್ಟನ್ ಕೈಕೆಳಗೆ ಕಲಿತರು. 1927ರಲ್ಲಿ, ಅಮೆರಿಕದ ಖಗೋಳ ವಿಜ್ಞಾನಿ ಹಬಲ್ ತನ್ನ ಪ್ರಸಿದ್ಧ ಲೇಖನ ಬರೆಯುವುದಕ್ಕೆ ಎರಡು ವರ್ಷ ಮೊದಲೇ, ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದರು. ಬರೆದದ್ದು ಫ್ರೆಂಚಿನಲ್ಲಿ, ಬ್ರಸೆಲ್ಸಿನ ಒಂದು ಪತ್ರಿಕೆಯಲ್ಲಿ. ಹೊರಗಿನವರು ಓದಿದ್ದು ಕಡಿಮೆ. ಐನ್‌ಸ್ಟೈನ್ ಓದಿದರು. ಲೆಕ್ಕ ಸರಿ ಇದೆ, ಫಿಸಿಕ್ಸ್ ಮಾತ್ರ ಸಹಿಸಲಾಗದು ಎನ್ನುವ ಅರ್ಥದಲ್ಲಿ ಮುಖಕ್ಕೇ ಹೇಳಿದರಂತೆ. ಈ ಭಾಗ ಹೇಳುವಾಗ ಫಾದರ್ ಮುಖದಲ್ಲಿ ಒಂದು ತುಂಟ ನಗು ಇತ್ತು. ಐನ್‌ಸ್ಟೈನ್ ತಪ್ಪಿದ ಕಥೆ ಹೇಳುವುದು ಯಾವ ಫಿಸಿಕ್ಸ್ ಮೇಷ್ಟ್ರಿಗೆ ಇಷ್ಟವಿಲ್ಲ ಹೇಳಿ?

1931ರಲ್ಲಿ ಲೆಮೈತ್ರ್ ಇನ್ನೊಂದು ಹೆಜ್ಜೆ ಹೋದರು. ಹಿಗ್ಗುವುದನ್ನು ಹಿಂದಕ್ಕೆ ಓಡಿಸಿದರೆ ಎಲ್ಲವೂ ಒಂದೇ ಕಡೆ ಸೇರಬೇಕು, ಅದು ಒಂದು 'ಆದಿಮ ಪರಮಾಣು' ಎಂದರು. ಹಲವರಿಗೆ ಇದು ಹಿಡಿಸಲಿಲ್ಲ. ಪಾದ್ರಿಯೊಬ್ಬ ಬೈಬಲಿನ ಆದಿಕಾಂಡವನ್ನು ಗಣಿತದ ವೇಷ ಹಾಕಿಸಿ ತರುತ್ತಿದ್ದಾನೆ ಎಂಬ ಗುಮಾನಿ. ಬ್ರಿಟನ್ನಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್‌ಗೆ ಈ ಸಿದ್ಧಾಂತ ಒಪ್ಪಿಗೆ ಇರಲಿಲ್ಲ. 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾತಾಡುತ್ತಾ ಇದನ್ನು 'ಬಿಗ್ ಬ್ಯಾಂಗ್' ಎಂದು ಕರೆದವರು ಅವರೇ. ಒಪ್ಪದವರು ಇಟ್ಟ ಹೆಸರೇ ಉಳಿದುಕೊಂಡಿತು.

ಇಲ್ಲಿಂದ ಮುಂದಿನದ್ದೇ ಫಾದರ್‌ಗೆ ಮುಖ್ಯವಾಗಿದ್ದ ಭಾಗ. 1951ರ ನವೆಂಬರಿನಲ್ಲಿ ಪೋಪ್ 12ನೇ ಪಿಯುಸ್ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಮುಂದೆ ಭಾಷಣ ಮಾಡಿದರು. ಇಂದಿನ ವಿಜ್ಞಾನ 'ಬೆಳಕಾಗಲಿ' ಎಂಬ ಆ ಮೊದಲ ಕ್ಷಣಕ್ಕೇ ಸಾಕ್ಷಿ ನುಡಿಯುತ್ತಿದೆ ಎನ್ನುವ ಧಾಟಿಯಲ್ಲಿ ಮಾತಾಡಿದರು. ಕ್ರೈಸ್ತರಿಗೆ ಹಬ್ಬ. ಆದರೆ ಸಿದ್ಧಾಂತ ಕೊಟ್ಟ ಪಾದ್ರಿಗೇ ಇದು ಸರಿ ಅನ್ನಿಸಲಿಲ್ಲ. ಮರುವರ್ಷ ರೋಮಿನಲ್ಲಿ ಖಗೋಳ ವಿಜ್ಞಾನಿಗಳ ಜಾಗತಿಕ ಸಮ್ಮೇಳನ ಇತ್ತು. ಅದಕ್ಕೂ ಮೊದಲು ಲೆಮೈತ್ರ್ ರೋಮಿಗೆ ಹೋಗಿ, ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಫಾದರ್ ಓಕಾನಲ್ ಜೊತೆ ಮಾತಾಡಿದರು. 1952ರ ಸೆಪ್ಟೆಂಬರಿನಲ್ಲಿ ಪೋಪ್ ಆ ವಿಜ್ಞಾನಿಗಳ ಮುಂದೆ ಮಾತಾಡಿದಾಗ ಬಿಗ್ ಬ್ಯಾಂಗನ್ನು ಸೃಷ್ಟಿಗೆ ಪುರಾವೆಯಾಗಿ ಎತ್ತಲಿಲ್ಲ.

"ಒಬ್ಬ ಸಾಧಾರಣ ಪಾದ್ರಿ ಪೋಪ್‌ಗೆ 'ನಮ್ಮ ಪರವಾಗಿ ವಾದಿಸಬೇಡಿ' ಅಂತ ಹೇಳಿಸೋದು ಎಂಥ ಧೈರ್ಯ ಮಾರಾಯ!" ಎಂದು ಫಾದರ್ ಮೇಜು ಕುಟ್ಟಿದರು. ನಂತರ ಹುಡುಗನ ಕಡೆ ತಿರುಗಿ, "ನಾಳೆ ಯಾರಾದರೂ ಬಿಗ್ ಬ್ಯಾಂಗ್ ತಪ್ಪು ಅಂತ ತೋರಿಸಿದರೆ ನಿನ್ನ ದೇವರು ಏನಾಗಬೇಕು? ಅರ್ಧ ಮಾರ್ಕು ಕಟ್ ಮಾಡಿದ್ದು ದೇವರ ಒಳ್ಳೆಯದಕ್ಕೇ" ಎಂದರು. ಹುಡುಗನಿಗೆ ಮಾರ್ಕು ವಾಪಸ್ ಸಿಗಲಿಲ್ಲ.

ನಾನು ಕ್ಯಾಥಲಿಕ್ ಮನೆಯವನು. ಮನೆಮಾತು ಕೊಂಕಣಿ, ಊರು ಬೆಳ್ತಂಗಡಿ ಕಡೆ. ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಮೊಣಕಾಲೂರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳದೆ ಊಟ ಇಲ್ಲ. ಸೆಪ್ಟೆಂಬರಿನ ತೆನೆಹಬ್ಬವಾದ ಮೊಂತಿ ಫೆಸ್ತ್‌ಗೆ ಇಗರ್ಜಿಯಿಂದ ತಂದ ಹೊಸ ಭತ್ತದ ತೆನೆಯನ್ನು ಸುಲಿದು ಹಾಲಿಗೆ ಹಾಕಿ ಕುಡಿಯುವವರು ನಾವು. ಇಂಥ ಮನೆಯ ಹುಡುಗ ಸೈನ್ಸ್ ಓದಲು ಹೊರಟರೆ ಎರಡು ಕಡೆಯಿಂದ ಹೆದರಿಸುವವರು ಇರುತ್ತಾರೆ. ಊರಿನಲ್ಲಿ 'ಜಾಸ್ತಿ ಓದಿದರೆ ಪೂಜೆ ಬಿಡ್ತಾನೆ' ಎನ್ನುವವರು. ಹಾಸ್ಟೆಲಿನಲ್ಲಿ 'ಸೈನ್ಸ್ ಓದಿಯೂ ಇದನ್ನೆಲ್ಲ ನಂಬ್ತೀಯಾ' ಎನ್ನುವವರು. ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು ಎನ್ನುವುದು ಆಗ ಹೊಳೆದಿರಲಿಲ್ಲ. ವಿಜ್ಞಾನ ಮುಂದೆ ಬಂದಷ್ಟೂ ದೇವರು ಹಿಂದೆ ಸರಿಯಬೇಕು ಎಂದು ಇಬ್ಬರೂ ಒಪ್ಪಿಕೊಂಡಿದ್ದರು.

ಫಾದರ್‌ಗೆ ಆಗದೇ ಇದ್ದದ್ದು ಈ ಒಪ್ಪಂದವೇ. ಅವರು ನ್ಯೂಟನ್ನನ ಉದಾಹರಣೆ ಕೊಡುತ್ತಿದ್ದರು. ಗ್ರಹಗಳು ಒಂದನ್ನೊಂದು ಎಳೆಯುವುದರಿಂದ ಕಕ್ಷೆಗಳು ನಿಧಾನವಾಗಿ ಕೆಡುತ್ತವೆ, ಆಗ ದೇವರೇ ಸರಿಪಡಿಸಬೇಕು ಎಂದು ನ್ಯೂಟನ್ ನಂಬಿದ್ದ. ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಜ್ ಇದನ್ನು ಗೇಲಿ ಮಾಡಿದ: ಆಗಾಗ ಕೀಲಿ ಕೊಟ್ಟು ರಿಪೇರಿ ಮಾಡಬೇಕಾದ ಗಡಿಯಾರ ಮಾಡಿದ ದೇವರು ಎಂಥ ಕೆಲಸಗಾರ ಅಂತ. ನೂರು ವರ್ಷದೊಳಗೆ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಬಂದು, ಗುರು ಮತ್ತು ಶನಿ ಗ್ರಹಗಳ ಏರುಪೇರು ಸುಮಾರು ಒಂಬೈನೂರು ವರ್ಷಗಳಲ್ಲಿ ತಾನಾಗಿಯೇ ಹಿಂದಕ್ಕೆ ಬರುತ್ತದೆ ಎಂದು ಲೆಕ್ಕದಲ್ಲಿ ತೋರಿಸಿದ. ರಿಪೇರಿ ಕೆಲಸ ಹೋಯಿತು. "ನ್ಯೂಟನ್ ದೇವರಿಗೆ ತಾತ್ಕಾಲಿಕ ಹುದ್ದೆ ಕೊಟ್ಟಿದ್ದ. ಲಾಪ್ಲಾಸ್ ಹುದ್ದೆ ರದ್ದು ಮಾಡಿದ" ಎನ್ನುತ್ತಿದ್ದರು ಫಾದರ್. ನಾಜಿಗಳ ಜೈಲಿನಲ್ಲಿದ್ದ ಬೋನ್‌ಹೋಫರ್ ಎಂಬ ಜರ್ಮನ್ ಪಾಸ್ಟರ್ 1944ರಲ್ಲಿ ಒಂದು ಪತ್ರ ಬರೆದರು. ನಮಗೆ ಗೊತ್ತಿಲ್ಲದ್ದರಲ್ಲಿ ದೇವರನ್ನು ಹುಡುಕಬಾರದು, ಗೊತ್ತಿರುವುದರಲ್ಲೇ ಕಾಣಬೇಕು ಎನ್ನುವುದು ಅದರ ಸಾರ. ಆ ಪತ್ರದ ಬಗ್ಗೆ ನನಗೆ ಮೊದಲು ಹೇಳಿದವರೂ ಇವರೇ. ಕ್ಯಾಥಲಿಕ್ ಪಾದ್ರಿಯೊಬ್ಬರು ಲೂಥರನ್ ಪಾಸ್ಟರನ್ನು ಅಷ್ಟು ಪ್ರೀತಿಯಿಂದ ಹೇಳಿದ್ದು ಆ ಕಾಲಕ್ಕೆ ನನಗೆ ಸೋಜಿಗವಾಗಿತ್ತು.

ಗೆಲಿಲಿಯೋ ವಿಷಯ ಬಂದಾಗ ನಾವು ಅವರನ್ನು ಸಿಕ್ಕಿಸಲು ನೋಡಿದ್ದೂ ಉಂಟು. ಅವರು ಸಿಕ್ಕಲಿಲ್ಲ. ಸಿಕ್ಕದೇ ಹೋದದ್ದು ಜಾಣತನದಿಂದ ಅಲ್ಲ, ತಪ್ಪನ್ನು ನೇರವಾಗಿ ಒಪ್ಪಿದ್ದರಿಂದ. "1633ರಲ್ಲಿ ಇಗರ್ಜಿ ಅವನಿಗೆ ಅನ್ಯಾಯ ಮಾಡಿತು. ಬರೆದುಕೊಳ್ಳಿ" ಎಂದರು. ಜೊತೆಗೆ ಗೆಲಿಲಿಯೋ 1615ರಲ್ಲಿ ಬರೆದ ಒಂದು ಪತ್ರದಲ್ಲಿ ಉಲ್ಲೇಖಿಸಿದ ಮಾತನ್ನೂ ಹೇಳಿದರು: ಪವಿತ್ರಾತ್ಮ ನಮಗೆ ಕಲಿಸುವುದು ಸ್ವರ್ಗಕ್ಕೆ ಹೋಗುವುದು ಹೇಗೆ ಎಂದು, ಆಕಾಶ ಹೇಗೆ ತಿರುಗುತ್ತದೆ ಎಂದಲ್ಲ. ಅದು ಮೂಲತಃ ಒಬ್ಬ ಕಾರ್ಡಿನಲ್ ಆಡಿದ ಮಾತು ಎನ್ನುತ್ತಾರೆ. ಪೋಪ್ 2ನೇ ಜಾನ್ ಪಾಲ್ 1992ರಲ್ಲಿ ಆ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆ ಹೊತ್ತಿಗೆ ನಾನು ಕೆಲಸಕ್ಕೆ ಸೇರಿದ್ದೆ. ಪೇಪರಿನಲ್ಲಿ ಓದಿದಾಗ, ನಮ್ಮ ಕ್ಲಾಸಿನಲ್ಲಿ ಇದು ಯಾವಾಗಲೋ ಆಗಿಹೋಗಿತ್ತಲ್ಲ ಅನ್ನಿಸಿತು.

ಇನ್ನೊಬ್ಬ ಹುಡುಗ ಆದಿಕಾಂಡ ತಂದು ಎದುರಿಗಿಟ್ಟಿದ್ದ. ಮೊದಲ ದಿನ ಬೆಳಕು, ನಾಲ್ಕನೇ ದಿನ ಸೂರ್ಯ. ಸೂರ್ಯನಿಲ್ಲದೆ ಮೂರು ದಿನ ಹೇಗೆ ಆಯ್ತು ಫಾದರ್? ಭಾರೀ ಬಾಂಬ್ ಹಾಕಿದೆ ಅಂದುಕೊಂಡಿದ್ದ. "ಒಳ್ಳೆಯ ಪ್ರಶ್ನೆ. ಅಲೆಕ್ಸಾಂಡ್ರಿಯಾದ ಓರಿಗನ್ ಇದನ್ನೇ ಮೂರನೇ ಶತಮಾನದಲ್ಲಿ ಕೇಳಿದ್ದ. ಅವನು ಕ್ರೈಸ್ತನೇ" ಎಂದರು. ಅಕ್ಷರಕ್ಕೆ ಅಕ್ಷರ ಹಿಡಿದು ಓದುವ ಹಟ ಹಳೆಯದು, ಅದು ಸರಿಯಲ್ಲ ಎನ್ನುವ ಮಾತೂ ಅಷ್ಟೇ ಹಳೆಯದು ಎಂದು ನಮಗೆ ಗೊತ್ತಾದದ್ದು ಹೀಗೆ.

ನಮ್ಮ ರಾಜ್ಯದವರನ್ನೇ ತೋರಿಸುತ್ತಿದ್ದರು ಒಮ್ಮೊಮ್ಮೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ್ಹ ಹಾಸನ ಜಿಲ್ಲೆಯ ಕಾಡುಮೇಡು ಸುತ್ತಿ ಗಿಡಗಳನ್ನು ಒಂದೊಂದಾಗಿ ದಾಖಲು ಮಾಡಿದವರು. 1976ರಲ್ಲಿ ಬಂದ ಆ ದಪ್ಪ ಪುಸ್ತಕ ಇವತ್ತಿಗೂ ಸಸ್ಯಶಾಸ್ತ್ರದವರಿಗೆ ಬೇಕು. ಗಿಡದ ಹೆಸರು ಬರೆಯುವಾಗ ಅವರು ನೋಡಿದ್ದು ಎಲೆ, ಹೂವು, ಕೇಸರ. ಅದರಲ್ಲಿ ದೇವರ ಮಹಿಮೆ ಕಂಡಿದ್ದರೆ ಅದು ಅವರ ಮತ್ತು ದೇವರ ನಡುವಿನ ವಿಷಯ. ಪುಸ್ತಕದಲ್ಲಿ ಕೇಸರದ ಲೆಕ್ಕ ಸರಿ ಇರಬೇಕು, ಅಷ್ಟೇ.

ಒಂದು ಸಲ ಅಮ್ಮ ಕಾಲೇಜಿಗೆ ಬಂದಿದ್ದರು. ತಂಗಿಗೆ ಟೈಫಾಯ್ಡ್ ಆಗಿ ವಾಸಿಯಾಗಿತ್ತು. ಅಮ್ಮ ಬಿಕರ್ನಕಟ್ಟೆಯ ಬಾಲಯೇಸುವಿಗೆ ಹರಕೆ ಹೊತ್ತಿದ್ದರು, ತೀರಿಸಿ ಬರುವ ದಾರಿಯಲ್ಲಿ ನನ್ನನ್ನು ನೋಡಲು ಬಂದದ್ದು. ಫಾದರ್ ಸಿಕ್ಕಿದ್ದೇ ತಡ, ಇದು ಪವಾಡ ಅಲ್ವಾ ಎಂದು ಕೇಳಿಯೇಬಿಟ್ಟರು. ನನಗೆ ನಾಚಿಕೆ. ಫಾದರ್ "ಮದ್ದು ಕೊಟ್ಟಿದ್ರಾ ಅಮ್ಮ?" ಎಂದು ಕೇಳಿದರು. ಕೊಟ್ಟಿದ್ದೆವು ಅಂದರು. "ಹಾಗಾದರೆ ಬಾಲಯೇಸುವಿಗೆ ಮೊಂಬತ್ತಿ ಹಚ್ಚಿದ್ದು ಒಳ್ಳೆಯದಾಯ್ತು. ಡಾಕ್ಟರಿಗೂ ಒಂದು ಬಾಳೆಗೊನೆ ಕೊಟ್ಟುಬಿಡಿ." ಅಮ್ಮ ಕೊಟ್ಟರು ಕೂಡ.

ಆಮೇಲೆ ನನ್ನನ್ನು ಕರೆದು ಲೂರ್ದ್ ವಿಷಯ ಹೇಳಿದರು. ಫ್ರಾನ್ಸಿನ ಆ ಊರಿನಲ್ಲಿ 1858ರಲ್ಲಿ ಬೆರ್ನದೆತ್ ಎಂಬ ಹುಡುಗಿಗೆ ಮಾತೆಯ ದರ್ಶನವಾಯಿತೆಂದು ನಂಬುತ್ತೇವೆ. ಅಲ್ಲಿ ವಾಸಿಯಾಯಿತು ಎನ್ನುವವರನ್ನು ಪರೀಕ್ಷಿಸಲು ಡಾಕ್ಟರುಗಳ ಒಂದು ಕಚೇರಿಯೇ ಇದೆ. ಏಳು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿವೆ. ಇಗರ್ಜಿ ಪವಾಡ ಎಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು ಮಾತ್ರ. ಅದರಲ್ಲೂ ಡಾಕ್ಟರುಗಳು 'ಪವಾಡ' ಎಂದು ಬರೆಯುವುದಿಲ್ಲ. ಇಂದಿನ ವೈದ್ಯಕೀಯ ತಿಳುವಳಿಕೆಯಲ್ಲಿ ಇದಕ್ಕೆ ವಿವರಣೆ ಇಲ್ಲ ಎಂದಷ್ಟೇ ಹೇಳಿ ಕೈಬಿಡುತ್ತಾರೆ. ಪವಾಡ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಆ ರೋಗಿಯ ಧರ್ಮಪ್ರಾಂತ್ಯದ ಬಿಷಪರು. "ನೋಡು, ಗೆರೆ ಎಲ್ಲಿ ಎಳೆದಿದ್ದಾರೆ" ಎಂದರು ಫಾದರ್. ವಿಜ್ಞಾನ 'ಗೊತ್ತಿಲ್ಲ' ಎಂದ ಕೂಡಲೇ ಅದು 'ದೇವರು' ಎಂದ ಹಾಗಾಗಲಿಲ್ಲ. ಇವತ್ತು ಗೊತ್ತಿಲ್ಲದ್ದು ನಾಳೆ ಗೊತ್ತಾಗಬಹುದು.

ನಾನು ಎಂಎಸ್ಸಿ ಮುಗಿಸಿ ಮೆಡಿಕಲ್ ಫಿಸಿಕ್ಸ್ ಕಡೆ ಹೋದೆ. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಶನ್ ಪ್ಲಾನಿಂಗ್ ನನ್ನ ಕೆಲಸ. ಎಷ್ಟು ಗ್ರೇ (ವಿಕಿರಣ ಅಳೆಯುವ ಮಾನ) ಡೋಸ್, ಎಷ್ಟು ಸಿಟ್ಟಿಂಗ್, ಕಿರಣ ಯಾವ ಕೋನದಿಂದ ಹೋದರೆ ಗಡ್ಡೆಗೆ ತಾಗಿ ಬೆನ್ನುಹುರಿಗೆ ಪೆಟ್ಟಾಗುವುದಿಲ್ಲ, ಇದು ನಮ್ಮ ಲೆಕ್ಕ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಐದಾರು ವಾರ. ಈ ಲೆಕ್ಕದಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಆದರೆ ಕಾರಿಡಾರಿನಲ್ಲಿ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಬೇರೆ. ನಮ್ಮ ಮಗುವಿಗೇ ಯಾಕೆ ಸಾರ್? ಜೀನ್ ರೂಪಾಂತರದ ಬಗ್ಗೆ ಹೇಳಬಹುದು, ಅದು ನಿಜವೂ ಹೌದು. ಅವರು ಕೇಳಿದ್ದು ಅದನ್ನಲ್ಲ. ನನ್ನ ಮಟ್ಟಿಗೆ ವಿಜ್ಞಾನದ ಮಿತಿ ಇರುವುದು ಬ್ಲ್ಯಾಕ್ ಹೋಲಿನಲ್ಲೋ ಬಿಗ್ ಬ್ಯಾಂಗಿನ ಮೊದಲ ಕ್ಷಣದಲ್ಲೋ ಅಲ್ಲ. ಅಲ್ಲೆಲ್ಲ ಇಂದಲ್ಲ ನಾಳೆ ಯಾರಾದರೂ ದಾರಿ ಹುಡುಕಿಯಾರು. ಮಿತಿ ಇರುವುದು ಆ ಕಾರಿಡಾರಿನಲ್ಲಿ. ಎಲ್ಲ ವಿವರಣೆ ಮುಗಿದ ಮೇಲೂ ಆ ಪ್ರಶ್ನೆ ಹಾಗೇ ನಿಂತಿರುತ್ತದೆ. ಹಾಗಂತ ಧರ್ಮದ ಹತ್ತಿರ ರೆಡಿ ಉತ್ತರ ಇದೆ ಎಂದೂ ನಾನು ಹೇಳಲಾರೆ. 'ದೇವರ ಚಿತ್ತ' ಎಂದು ಸುಮ್ನೆ ಹೇಳಿ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೈಬಲಿನ ಯೋಬನ ಕಥೆಯಲ್ಲಿ ದೇವರೂ ಅಂಥ ಗೆಳೆಯರನ್ನು ಬೈದಿದ್ದಾನೆ.

2006ರಲ್ಲಿ ಅಮೆರಿಕದ ಒಂದು ಅಧ್ಯಯನ ನಮ್ಮ ಆಸ್ಪತ್ರೆಯಲ್ಲಿ ಚರ್ಚೆಗೆ ಬಂತು. ಹೃದಯದ ಬೈಪಾಸ್ ಆದ 1802 ರೋಗಿಗಳು, ಮೂರು ಗುಂಪು. ಕ್ರೈಸ್ತ ಪ್ರಾರ್ಥನಾ ಗುಂಪುಗಳು ಎರಡು ಗುಂಪಿನ ರೋಗಿಗಳಿಗಾಗಿ ಪ್ರಾರ್ಥಿಸಿದವು. ಪ್ರಾರ್ಥನೆ ಸಿಕ್ಕಿಯೂ ಅದು ಖಚಿತವಾಗಿ ಗೊತ್ತಿಲ್ಲದವರಲ್ಲಿ ತೊಂದರೆ ಕಾಣಿಸಿಕೊಂಡದ್ದು ಶೇ. 52ರಷ್ಟು ಜನರಿಗೆ. ಪ್ರಾರ್ಥನೆ ಸಿಗದವರಲ್ಲಿ ಶೇ. 51. ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಮೊದಲೇ ತಿಳಿಸಿದವರಲ್ಲಿ ಶೇ. 59! ಸಹೋದ್ಯೋಗಿಗಳು ನನ್ನ ಮುಖ ನೋಡಿ ನಕ್ಕರು. ನಾನು ಆ ವರದಿಯ ಪ್ರಿಂಟ್ ತೆಗೆದುಕೊಂಡು ಮಂಗಳೂರಿಗೆ ಹೋದಾಗ ಫಾದರ್‌ಗೆ ಕೊಟ್ಟೆ. ಆಗ ಅವರು ನಿವೃತ್ತ ಗುರುಗಳ ಮನೆಯಲ್ಲಿದ್ದರು. ಕಣ್ಣು ಮಂಜಾಗಿತ್ತು, ಭೂತಗನ್ನಡಿ ಹಿಡಿದು ಟೇಬಲ್‌ಗಳನ್ನು ಮಾತ್ರ ಓದಿದರು. "ಪ್ರಾರ್ಥನೆ ಸಿಗದ ಗುಂಪಿನವರಿಗೆ ಅವರ ಅಜ್ಜಿಯರೂ ಪ್ರಾರ್ಥಿಸಲಿಲ್ಲ ಅಂತ ಹೇಗೆ ಗ್ಯಾರಂಟಿ ಮಾಡಿದರು?" ಎಂಬುದು ಮೊದಲ ಪ್ರಶ್ನೆ. ಮಾಡಲಾಗದು ಎಂದು ಅಧ್ಯಯನ ಮಾಡಿದವರಿಗೂ ಗೊತ್ತಿತ್ತು. ನಂತರ, "ಉತ್ತರ ನಮ್ಮ ಪರವಾಗಿ ಬಂದಿದ್ದರೂ ನಾನು ಇದನ್ನು ಪ್ರಬೋಧನೆಯಲ್ಲಿ ಹೇಳುತ್ತಿರಲಿಲ್ಲ" ಎಂದರು. ಇದು ಸೋತವರ ಸಮಾಧಾನ ಅಲ್ಲ ಎಂದು ನನಗೆ ಗೊತ್ತಿತ್ತು. ಅರ್ಧ ಮಾರ್ಕು ಕತ್ತರಿಸಿದ ಮನುಷ್ಯ ಅಲ್ವಾ.

ಲೆಮೈತ್ರ್ ಬಗ್ಗೆ ಒಂದು ಸಂಗತಿ ನನಗೆ ಬಹಳ ತಡವಾಗಿ ತಿಳಿಯಿತು. 1931ರ ಆ ಪುಟ್ಟ ಲೇಖನದ ಹಸ್ತಪ್ರತಿಯ ಕೊನೆಯಲ್ಲಿ ದೇವರ ಬಗ್ಗೆ ಒಂದು ಪ್ಯಾರಾ ಇತ್ತಂತೆ. ದೇವರು ಮೂಲತಃ ಮರೆಯಲ್ಲಿರುವವನು, ಇಂದಿನ ಭೌತಶಾಸ್ತ್ರ ಸೃಷ್ಟಿಯ ಮೇಲೆ ಒಂದು ಪರದೆ ಇಟ್ಟುಕೊಟ್ಟಿದೆ, ವಿಶ್ವಾಸಿಗೆ ಇದು ಸಂತೋಷವೇ ಎನ್ನುವ ಅರ್ಥದ ಮಾತು. ಅಚ್ಚಿಗೆ ಕಳಿಸುವ ಮೊದಲು ಲೆಮೈತ್ರ್ ಅದನ್ನು ಹೊಡೆದುಹಾಕಿದ್ದರು. ನಂಬಿಕೆ ಇಲ್ಲದೆ ಅಲ್ಲ. ಆ ಪತ್ರಿಕೆ ಅದಕ್ಕೆ ಜಾಗ ಅಲ್ಲ ಎಂದು. 1966ರಲ್ಲಿ ಅವರು ತೀರಿಹೋಗುವ ಸ್ವಲ್ಪ ಮೊದಲು, ಬಿಗ್ ಬ್ಯಾಂಗಿನ ಉಳಿಕೆಯಾದ ಮೈಕ್ರೋವೇವ್ ವಿಕಿರಣ ಸಿಕ್ಕಿದೆ ಎಂಬ ಸುದ್ದಿ ಹಾಸಿಗೆಯಲ್ಲಿದ್ದ ಅವರಿಗೆ ಮುಟ್ಟಿತು. ಹಬಲ್ ನಿಯಮವನ್ನು ಹಬಲ್–ಲೆಮೈತ್ರ್ ನಿಯಮ ಎಂದು ಕರೆಯಬೇಕೆಂದು ಖಗೋಳ ವಿಜ್ಞಾನಿಗಳು ಮತ ಹಾಕಿದ್ದು 2018ರಲ್ಲಿ. ಈಗಿನ ವಿದ್ಯಾರ್ಥಿಗಳೇ, ನಿಮ್ಮ ಪಠ್ಯದಲ್ಲಿ ಇನ್ನೂ ಹಳೆಯ ಹೆಸರೇ ಇದ್ದರೆ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ಇಷ್ಟೆಲ್ಲ ಹೊಗಳಿದ ಮೇಲೆ, ನನಗೂ ಫಾದರ್‌ಗೂ ಕೊನೆಯವರೆಗೆ ಸರಿಹೋಗದ ಒಂದು ವಿಷಯ ಹೇಳಬೇಕು. 'ವಿಜ್ಞಾನ ಹೇಗೆ ಎಂದು ಕೇಳುತ್ತದೆ, ಧರ್ಮ ಯಾಕೆ ಎಂದು ಕೇಳುತ್ತದೆ, ಜಗಳವೇ ಇಲ್ಲ' ಎನ್ನುವ ಸುಲಭದ ಮಾತು ಇದೆಯಲ್ಲ, ಅದು ಅವರಿಗೂ ಹಿಡಿಸುತ್ತಿರಲಿಲ್ಲ. ಕ್ರೈಸ್ತ ವಿಶ್ವಾಸ ಬರೀ ಅರ್ಥದ ಬಗ್ಗೆ ಮಾತಾಡುವುದಿಲ್ಲ. ಪೊಂತಿಯುಸ್ ಪಿಲಾತನ ಕಾಲದಲ್ಲಿ, ಜೆರುಸಲೇಮಿನಲ್ಲಿ, ಸತ್ತ ಒಬ್ಬ ಮನುಷ್ಯ ಮೂರನೇ ದಿನ ಎದ್ದ ಎನ್ನುತ್ತದೆ. ಜಾಗ ಇದೆ, ಕಾಲ ಇದೆ. ಕ್ರಿಸ್ತ ಏಳದಿದ್ದರೆ ನಮ್ಮ ಬೋಧನೆಯೆಲ್ಲ ವ್ಯರ್ಥ ಎಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಹಾಗಾದರೆ ಇದು ಸೋಮವಾರದ ಪೇಪರಿಗೂ ಬರುತ್ತದಲ್ಲ ಫಾದರ್, ಎಂದು ನಾನು ಕೇಳಿದ್ದೆ.

ಬರುತ್ತದೆ, ಆದರೆ ಫಿಸಿಕ್ಸ್ ಪೇಪರಿಗಲ್ಲ, ಹಿಸ್ಟರಿ ಪೇಪರಿಗೆ ಎಂದರು. ಸತ್ತವರು ಏಳುವುದಿಲ್ಲ ಎಂದು ಮಗ್ದಲದ ಮರಿಯಳಿಗೂ ಗೊತ್ತಿತ್ತು, ಅದಕ್ಕೆ ಸೈನ್ಸ್ ಬರಬೇಕಾಗಿರಲಿಲ್ಲ. ಮತ್ತೆ ಮತ್ತೆ ನಡೆಯುವುದನ್ನು ಅಳೆಯುವುದು ನಮ್ಮ ಲ್ಯಾಬು, ಒಂದೇ ಒಂದು ಸಲ ನಡೆಯಿತು ಎನ್ನುವುದಕ್ಕೆ ಸಾಕ್ಷಿಗಳನ್ನೇ ನೋಡಬೇಕು ಎಂಬುದು ಅವರ ವಾದ. ನನಗೆ ಇದು ಸ್ವಲ್ಪ ಜಾರಿಕೊಂಡ ಹಾಗೆ ಕಂಡಿತು. ಮುಂದಿನ ಭೇಟಿಗೆ ನಾನು ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಪವಾಡಗಳ ಬಗ್ಗೆ ಬರೆದದ್ದನ್ನು ಓದಿಕೊಂಡು ಹೋದೆ. ಸಾಕ್ಷಿ ಹೇಳಿದ್ದು ಸುಳ್ಳಾಗಿರುವುದು ಆ ಪವಾಡಕ್ಕಿಂತಲೂ ದೊಡ್ಡ ಪವಾಡವಾದರೆ ಮಾತ್ರ ನಂಬು ಎನ್ನುತ್ತಾನೆ ಹ್ಯೂಮ್. ಫಾದರ್ ತಲೆ ಆಡಿಸಿದರು. "ತಕ್ಕಡಿ ಸರಿಯಾಗಿಯೇ ಇದೆ. ಹೆದರಿ ಓಡಿದ್ದ ಶಿಷ್ಯರು ಆಮೇಲೆ ಸಾಯಲೂ ತಯಾರಾದದ್ದನ್ನು ಒಂದು ತಟ್ಟೆಗೆ ಹಾಕಿದೆ. ನನ್ನ ತಕ್ಕಡಿ ಈ ಕಡೆ ವಾಲಿತು." ಜನ ಸುಳ್ಳಿಗೂ ಸಾಯುತ್ತಾರೆ ಫಾದರ್ ಎಂದೆ ನಾನು. ಸುಳ್ಳೆಂದು ತಮಗೇ ಗೊತ್ತಿದ್ದ ಸುಳ್ಳಿಗೆ ಸಾಯುವವರು ಕಡಿಮೆ ಎಂದರು ಅವರು. ಭ್ರಮೆಯೂ ಇರಬಹುದಲ್ಲ ಎಂದೆ. ಇರಬಹುದು, ಅದನ್ನೂ ತೂಗಿ ನೋಡು ಎಂದರು.

ನಾನು ಪ್ರತಿ ಭಾನುವಾರ ಇಗರ್ಜಿಗೆ ಹೋಗುತ್ತೇನೆ. ವಿಶ್ವಾಸ ಪ್ರಮಾಣದಲ್ಲಿ ಮೂರನೇ ದಿನ ಎದ್ದ ಎನ್ನುವ ಆ ಸಾಲು ಬಂದಾಗ ಎಲ್ಲರ ಜೊತೆ ಹೇಳುತ್ತೇನೆ. ಆದರೆ ಭ್ರಮೆಯ ವಿಷಯದಲ್ಲಿ ಅವರು ಕೊಟ್ಟ ಉತ್ತರ ನನಗೆ ಇವತ್ತಿಗೂ ಸಾಕಾಗಿಲ್ಲ.